ಧೈರ್ಯ ಹೇಳದೆ ಪ್ರಶ್ನೆ ಕೇಳಿದವರು

ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಎಲ್ಲರೂ ಹೇಳುವ ಮಾತು ಒಂದೇ. "ಹೆದರಬೇಡಿ, ಇದು ನಿಧಾನವಾಗಿ ಬೆಳೆಯುವ ಕ್ಯಾನ್ಸರ್." ಡಾಕ್ಟರು ಹೇಳುತ್ತಾರೆ, ನೆಂಟರು ಹೇಳುತ್ತಾರೆ, ಆಫೀಸಿನವರು ಹೇಳುತ್ತಾರೆ. ಬಹಳಷ್ಟು ಜನರ ವಿಷಯದಲ್ಲಿ ಇದು ನಿಜವೂ ಹೌದು. ಆದರೆ ಆ ಮಾತು ಬಂದ ಕೂಡಲೇ ಮಾತುಕತೆ ಅಲ್ಲಿಗೇ ನಿಂತುಬಿಡುತ್ತದೆ. ಹೆದರಬೇಡಿ ಅಂದವರ ಮುಂದೆ ಹೆದರಿಕೆ ಆಗುತ್ತಿದೆ ಅಂತ ಹೇಳುವುದು ಹೇಗೆ? ನನಗೂ ಹಾಗೇ ಆಯಿತು. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಸುತ್ತ ಅಷ್ಟು ಜನ ಇದ್ದರೂ, ತಲೆಯಲ್ಲಿ ಓಡುತ್ತಿದ್ದ ಪ್ರಶ್ನೆಗಳನ್ನು ಕೇಳುವುದಕ್ಕೆ ಒಬ್ಬರೂ ಇರಲಿಲ್ಲ.

ಆ ಪ್ರಶ್ನೆಗಳೆಲ್ಲ ಸಾವಿನ ಬಗ್ಗೆ ಅಂತ ಜನ ಅಂದುಕೊಳ್ಳುತ್ತಾರೆ. ಸಾವಿನ ಯೋಚನೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ರಾತ್ರಿ ನಿದ್ದೆ ಕೆಡಿಸುತ್ತಿದ್ದದ್ದು ಬೇರೆ. ಆಪರೇಷನ್ ಆದ ಮೇಲೆ ಮೂತ್ರ ಹಿಡಿದುಕೊಳ್ಳುವುದಕ್ಕೆ ಆಗುತ್ತದಾ? ನಾಲ್ಕು ಜನರ ನಡುವೆ ಕೂತಿದ್ದಾಗ ಪ್ಯಾಂಟ್ ಒದ್ದೆಯಾದರೆ ಏನು ಮಾಡುವುದು? ಹೆಂಡತಿಯ ಜೊತೆ ಮೊದಲಿನ ಹಾಗೆ ಇರುವುದಕ್ಕೆ ಆಗುತ್ತದಾ? ಆಗದಿದ್ದರೆ ಅವಳಿಗೆ ಹೇಗನ್ನಿಸುತ್ತದೆ? ಮಗನಿಗೆ ಹೇಳಬೇಕಾ, ಬೇಡವಾ? ಇವುಗಳನ್ನು ಡಾಕ್ಟರ ಮುಂದೆ ಕೂತು, ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿರುವಾಗ, ಕೇಳುವುದಕ್ಕೆ ನಾಲಿಗೆ ಏಳುವುದಿಲ್ಲ.

ಪ್ರಾಸ್ಟೇಟ್ ಗ್ರಂಥಿ ಇರುವ ಜಾಗವೇ ಅಂಥದ್ದು. ಮೂತ್ರಕೋಶದ ಕೆಳಗೆ, ಮಲನಾಳದ ಮುಂದೆ, ಮೂತ್ರನಾಳವನ್ನು ಸುತ್ತಿಕೊಂಡು ಕೂತಿರುತ್ತದೆ. ಆರೋಗ್ಯವಾಗಿದ್ದಾಗ ಹೆಚ್ಚೆಂದರೆ ಒಂದು ಅಕ್ರೋಟಿನಷ್ಟು ದಪ್ಪ. ಗಂಡಸಿನ ನಿಮಿರುವಿಕೆಗೆ ಬೇಕಾದ ನರಗಳು ಅದರ ಎರಡೂ ಪಕ್ಕಕ್ಕೆ ಅಂಟಿಕೊಂಡ ಹಾಗೆ ಸಾಗುತ್ತವೆ. ಹಾಗಾಗಿ ಅದಕ್ಕೆ ಯಾವ ಚಿಕಿತ್ಸೆ ಮಾಡಿದರೂ ಮೂತ್ರಕ್ಕೋ, ಮಲಕ್ಕೋ, ಲೈಂಗಿಕತೆಗೋ ಸ್ವಲ್ಪವಾದರೂ ಪೆಟ್ಟು ಬೀಳುವ ಸಾಧ್ಯತೆ ಇದ್ದೇ ಇರುತ್ತದೆ. ಅಂದರೆ, ಗಂಡಸರು ಬದುಕಿಡೀ ಯಾರ ಹತ್ತಿರವೂ ಬಾಯಿಬಿಡದೆ ಇರುವ ಮೂರು ವಿಷಯಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಈ ಕಾಯಿಲೆಯವರು ಒಂಟಿಯಾಗುವುದಕ್ಕೆ ಅದೇ ಕಾರಣ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಸಂಖ್ಯೆ ನೋಡಿದರೆ ಒಂಟಿಯಾಗುವ ಮಾತೇ ಇಲ್ಲ. 2022ರಲ್ಲಿ ಜಗತ್ತಿನಾದ್ಯಂತ 14 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಿಟ್ಟರೆ ಅತಿ ಹೆಚ್ಚು ಕಾಣಿಸುವುದು ಇದೇ. ಇಷ್ಟು ಜನ ಇದ್ದೂ ನನ್ನ ಪರಿಚಯದಲ್ಲಿ ಯಾರಿಗೂ ಇದು ಬಂದಿಲ್ಲ ಅಂತಲೇ ನಾನು ನಂಬಿದ್ದೆ. ನನಗೆ ಬಂದಿದೆ ಅಂತ ಒಬ್ಬೊಬ್ಬರಿಗೇ ಹೇಳತೊಡಗಿದ ಮೇಲೆ ಗೊತ್ತಾಯಿತು, ವರ್ಷಗಟ್ಟಲೆ ಒಟ್ಟಿಗೆ ಕೆಲಸ ಮಾಡಿದ್ದ ಒಬ್ಬರಿಗೆ ಆಪರೇಷನ್ ಆಗಿತ್ತು. ದೂರದ ಸಂಬಂಧಿಯೊಬ್ಬರು ರೇಡಿಯೇಷನ್ ಮುಗಿಸಿಕೊಂಡಿದ್ದರು. ಮನೆಯವರಿಗೆ "ಕಿಡ್ನಿ ಕಲ್ಲಿನ ತೊಂದರೆ" ಅಂತ ಹೇಳಿದ್ದರಂತೆ.

ನನಗೆ ಮೊದಲ ಜೊತೆಗಾರರು ಸಿಕ್ಕಿದ್ದು ಯೂರಾಲಜಿ ವಿಭಾಗದ ಒಬ್ಬ ನರ್ಸ್‌ನಿಂದ. ಬಯಾಪ್ಸಿ ರಿಪೋರ್ಟ್ ಹಿಡಿದು ಕೂತಿದ್ದ ನನ್ನ ಮುಖ ನೋಡಿ, "ಇದೇ ಕಾಯಿಲೆ ದಾಟಿ ಬಂದವರ ಹತ್ತಿರ ಮಾತಾಡ್ತೀರಾ?" ಅಂತ ಕೇಳಿದರು. ಬೇಡ ಅನ್ನಬೇಕು ಅನ್ನಿಸಿತ್ತು. ಅವರ ದನಿಯಲ್ಲಿ ಒತ್ತಾಯ ಇರಲಿಲ್ಲ, ಅದಕ್ಕೇ ನಂಬರ್ ಕೊಟ್ಟು ಬಂದೆ. ಅದೇ ಸಂಜೆ ಫೋನ್ ಬಂತು. ಆ ಕಡೆ ನನಗಿಂತ ಹಿರಿಯರೊಬ್ಬರ ದನಿ. ಹೆಸರು ಹೇಳಿದರು, ಆಪರೇಷನ್ ಆಗಿ ಮೂರು ವರ್ಷ ಆಯಿತು ಅಂದರು. ಆಮೇಲೆ ಸಮಾಧಾನದ ಮಾತು ಬರುತ್ತದೆ ಅಂತ ಕಾಯುತ್ತಿದ್ದೆ. ಅವರು ಕೇಳಿದ್ದು: "ನಿಮ್ಮ ಗ್ಲೀಸನ್ ಎಷ್ಟು ಅಂತ ಬರೆದಿದ್ದಾರೆ? ಏಳು ಅಂದ್ರಾ? ಮೂರು ಪ್ಲಸ್ ನಾಲ್ಕಾ, ನಾಲ್ಕು ಪ್ಲಸ್ ಮೂರಾ?"

ಈ ಕಾಯಿಲೆ ಇಲ್ಲದವರಿಗೆ ಎರಡೂ ಏಳೇ. ಇರುವವರಿಗೆ ಅವೆರಡರ ನಡುವೆ ಬಹಳ ಅಂತರ. ಡೊನಾಲ್ಡ್ ಗ್ಲೀಸನ್ ಅನ್ನುವ ಪೆಥಾಲಜಿಸ್ಟ್ 1960ರ ದಶಕದಲ್ಲಿ ರೂಪಿಸಿದ ಲೆಕ್ಕ ಇದು. ಬಯಾಪ್ಸಿಯ ಚೂರಿನಲ್ಲಿ ಜೀವಕೋಶಗಳು ಎಷ್ಟು ಕೆಟ್ಟಿವೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿ ಅಂಕ ಕೊಡುತ್ತಾರೆ. ಅತಿ ಹೆಚ್ಚು ಕಡೆ ಕಾಣುವ ಬಗೆಯ ಅಂಕ ಮೊದಲು, ಇನ್ನೊಂದು ಬಗೆಯದು ಆಮೇಲೆ. ಮೂರು ಮೊದಲು ಬಂದರೆ ಒಳ್ಳೆಯದು, ನಾಲ್ಕು ಮೊದಲು ಬಂದರೆ ಇನ್ನಷ್ಟು ಎಚ್ಚರ ಬೇಕು. ಈಗ ಇದನ್ನೇ ಒಂದರಿಂದ ಐದರವರೆಗಿನ ಗ್ರೇಡ್ ಗ್ರೂಪ್ ಆಗಿ ಹೇಳುತ್ತಾರೆ. 3+4 ಅಂದರೆ ಎರಡನೇ ಗುಂಪು, 4+3 ಅಂದರೆ ಮೂರನೆಯದು. ನನ್ನ ರಿಪೋರ್ಟಿನಲ್ಲಿ 3+4 ಇತ್ತು. ಅದನ್ನು ಹೇಳಿದಾಗ ಆ ಕಡೆಯಿಂದ, "ಸರಿ, ನಂದು ನಾಲ್ಕು ಪ್ಲಸ್ ಮೂರು ಇತ್ತು. ಈಗ ಹೇಳಿ, ಏನು ಕೇಳಬೇಕು ಅನ್ನಿಸ್ತಿದೆ?" ಅಂದರು.

ಆ ಪ್ರಶ್ನೆಯಿಂದ ಎಷ್ಟು ಹಗುರಾಯಿತು ಅಂತ ಹೇಳುವುದು ಕಷ್ಟ. ಅಲ್ಲಿಯವರೆಗೆ ನನಗೆ ಬಂದದ್ದು ಬರೀ ಕ್ಯಾನ್ಸರ್ ಆಗಿತ್ತು. ಅವರು ಕೇಳಿದ ಮೇಲೆ ಅದಕ್ಕೊಂದು ಅಳತೆ ಸಿಕ್ಕಿತು. ಈ ದಾರಿಯಲ್ಲಿ ನಡೆದವರನ್ನು ಗುರುತಿಸುವುದು ಹೀಗೇ ಅಂತ ಆಮೇಲೆ ನನಗೆ ಮನವರಿಕೆ ಆಯಿತು. ಅವರು ಧೈರ್ಯ ಹೇಳುವುದಕ್ಕೆ ಮೊದಲು ಪ್ರಶ್ನೆ ಕೇಳುತ್ತಾರೆ, ಮತ್ತು ಆ ಪ್ರಶ್ನೆ ಖಚಿತವಾಗಿರುತ್ತದೆ. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿ ಬಿಡುವ ಪ್ರೋಟೀನ್, ರಕ್ತದಲ್ಲಿ ಅಳೆಯುತ್ತಾರೆ) ಎಷ್ಟಿತ್ತು? ಎಷ್ಟು ಸಮಯದಲ್ಲಿ ಅಷ್ಟಕ್ಕೆ ಏರಿತು? ಎಂಆರ್‌ಐನಲ್ಲಿ ಗ್ರಂಥಿಯ ಹೊರಗೆ ಏನಾದರೂ ಕಂಡಿದೆಯಾ? ರಾತ್ರಿ ಎಷ್ಟು ಸಲ ಏಳುತ್ತೀರಿ? ಕೇಳುವವರಿಗೆ ಉತ್ತರ ಅರ್ಥವಾಗುತ್ತದೆ ಅಂತ ಗೊತ್ತಿದ್ದರೆ ಹೇಳುವವರ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

ಯಾವ ಚಿಕಿತ್ಸೆ ಮಾಡಿಸಿಕೊಳ್ಳಲಿ ಅಂತ ಆವತ್ತೇ ಅವರನ್ನು ಕೇಳಿದೆ. ಅವರು ಹೇಳಲಿಲ್ಲ. "ನಾನು ಆಪರೇಷನ್ ಯಾಕೆ ಮಾಡಿಸಿಕೊಂಡೆ ಅಂತ ಹೇಳ್ತೀನಿ. ನೀವು ಏನು ಮಾಡಬೇಕು ಅಂತ ಹೇಳೋದಕ್ಕೆ ನನಗೆ ಅಧಿಕಾರ ಇಲ್ಲ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ತಗೊಳ್ಳಿ, ರೇಡಿಯೇಷನ್ ಡಾಕ್ಟರನ್ನೂ ನೋಡಿ. ಈ ವಾರವೇ ತೀರ್ಮಾನ ಮಾಡಬೇಕು ಅಂತೇನಿಲ್ಲ, ಅವರನ್ನೇ ಕೇಳಿ ನೋಡಿ" ಅಂದರು. ಆ ಮಾತು ನನಗೆ ಬಹಳ ದೊಡ್ಡದಾಗಿ ಕಂಡಿತು. ಯಾಕೆಂದರೆ ಆಮೇಲೆ ಇದೇ ಕಾಯಿಲೆಯವರು ಸೇರಿ ಮಾತಾಡುವ ಗುಂಪಿನಲ್ಲಿ ಬೇರೆ ಬೇರೆಯವರ ಜೊತೆ ಕೂತಾಗ ನೋಡಿದೆ, ಆಪರೇಷನ್ ಮಾಡಿಸಿಕೊಂಡವರು ಆಪರೇಷನ್ನೇ ಸರಿ ಅನ್ನುತ್ತಾರೆ, ರೇಡಿಯೇಷನ್ ತೆಗೆದುಕೊಂಡವರು ಅದೇ ಸರಿ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ದೊಡ್ಡ ಬೆಲೆ ತೆತ್ತು ಮಾಡಿದ ಆಯ್ಕೆ ತಪ್ಪು ಅಂತ ಒಪ್ಪುವುದು ಯಾರಿಗೂ ಸುಲಭ ಅಲ್ಲ, ಅಲ್ವಾ? ಹೊಸಬರು ಅದನ್ನು ಅರಿತು ಕೇಳಿಸಿಕೊಳ್ಳಬೇಕು.

ಬ್ರಿಟನ್ನಿನಲ್ಲಿ ನಡೆದ ಪ್ರೊಟೆಕ್ಟ್ ಅನ್ನುವ ದೊಡ್ಡ ಅಧ್ಯಯನದ ಬಗ್ಗೆ ನನಗೆ ಮೊದಲು ಹೇಳಿದವರು ಗುಂಪಿನವರೇ. ಗ್ರಂಥಿಯೊಳಗೇ ಇರುವ ಕ್ಯಾನ್ಸರ್ ಪತ್ತೆಯಾದ 1,643 ಗಂಡಸರನ್ನು ಮೂರು ಪಾಲು ಮಾಡಿ, ಒಂದು ಪಾಲಿಗೆ ಆಪರೇಷನ್, ಇನ್ನೊಂದಕ್ಕೆ ರೇಡಿಯೇಷನ್, ಮತ್ತೊಂದಕ್ಕೆ ಸದ್ಯಕ್ಕೆ ಚಿಕಿತ್ಸೆ ಕೊಡದೆ ಸತತವಾಗಿ ಗಮನಿಸುವುದು, ಹೀಗೆ ಹಂಚಿದರು. ಹದಿನೈದು ವರ್ಷದ ಫಲಿತಾಂಶ 2023ರಲ್ಲಿ ಬಂತು. ಮೂರೂ ಪಾಲಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ ತೀರಿಕೊಂಡವರು ನೂರಕ್ಕೆ ಮೂವರ ಆಸುಪಾಸು. ಗಮನಿಸುತ್ತಾ ಇದ್ದವರಲ್ಲಿ ಕಾಯಿಲೆ ಬೇರೆ ಕಡೆಗೆ ಹರಡಿದ್ದು ಸ್ವಲ್ಪ ಜಾಸ್ತಿ, ಆದರೆ ಸಾವಿನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಆಪರೇಷನ್ ಆದವರಿಗೆ ಮೂತ್ರ ಸೋರುವುದು ಮತ್ತು ನಿಮಿರುವಿಕೆಯ ತೊಂದರೆ ಹೆಚ್ಚು, ರೇಡಿಯೇಷನ್ ಆದವರಿಗೆ ಮಲವಿಸರ್ಜನೆಯ ತೊಂದರೆ ಹೆಚ್ಚು. ಇದನ್ನು ನನಗೆ ಹೇಳಿದವರು ಕೊನೆಗೆ, "ಇದು ಗ್ರಂಥಿಯೊಳಗೇ ಇರುವವರ ಲೆಕ್ಕ. ನಿಮ್ಮದು ಆ ಜಾತಿಗೆ ಸೇರುತ್ತದಾ ಅಂತ ನಿಮ್ಮ ಡಾಕ್ಟರೇ ಹೇಳಬೇಕು" ಅಂತ ಸೇರಿಸಿದರು. ನಂಬಬಹುದಾದ ಜೊತೆಗಾರರು ಹೀಗೆ ಮಾತಾಡುತ್ತಾರೆ.

ಎಲ್ಲರೂ ಹಾಗಿರುವುದಿಲ್ಲ. ಮೊದಲ ಸಲ ಗುಂಪಿಗೆ ಹೋದಾಗ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ವಿಟಮಿನ್ ಇ ಮಾತ್ರೆ ಶುರು ಮಾಡಿ, ಪ್ರಾಸ್ಟೇಟಿಗೆ ಒಳ್ಳೆಯದು ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಸೆಲೆಕ್ಟ್ ಅನ್ನುವ ಅಧ್ಯಯನದಲ್ಲಿ 35 ಸಾವಿರಕ್ಕೂ ಹೆಚ್ಚು ಆರೋಗ್ಯವಂತ ಗಂಡಸರು ಪಾಲ್ಗೊಂಡಿದ್ದರು. ಬರೀ ವಿಟಮಿನ್ ಇ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ನೂರಕ್ಕೆ 17ರಷ್ಟು ಹೆಚ್ಚಾಗಿ ಕಾಣಿಸಿತು ಅಂತ 2011ರಲ್ಲಿ ಗೊತ್ತಾಯಿತು. ಗುಂಪನ್ನು ನಡೆಸುತ್ತಿದ್ದ ಸಮಾಲೋಚಕರು ಅದನ್ನು ಎಲ್ಲರ ಎದುರಿಗೇ, ಯಾರಿಗೂ ನೋವಾಗದ ಹಾಗೆ ಹೇಳಿದರು. ನಡೆಸುವುದಕ್ಕೆ ತಿಳಿದವರೊಬ್ಬರು ಇರುವ ಗುಂಪನ್ನೇ ಹುಡುಕಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ನಾನು ಆಪರೇಷನ್ ಆಯ್ದುಕೊಂಡೆ. ಅದರ ಕಾರಣಗಳು ಇಲ್ಲಿ ಮುಖ್ಯ ಅಲ್ಲ. ಮುಖ್ಯವಾದದ್ದು ಆಮೇಲಿನ ತಿಂಗಳುಗಳು. ಜೊತೆಗಾರರು ನಿಜಕ್ಕೂ ಬೇಕಾಗುವುದು ಆಗಲೇ. ಆಸ್ಪತ್ರೆಯಲ್ಲಿ ಇರುವವರೆಗೆ ನೋಡಿಕೊಳ್ಳುವವರು ಬೇಕಾದಷ್ಟು ಜನ ಇರುತ್ತಾರೆ. ಮನೆಗೆ ಬಂದ ಮೇಲೆ ನೀವು, ಮೂತ್ರ ಹೊರಹೋಗುವುದಕ್ಕೆ ಹಾಕಿರುವ ನಳಿಕೆ ಅಂದರೆ ನಿಮ್ಮ ಕ್ಯಾಥೆಟರ್, ಆಮೇಲೆ ನಿಮ್ಮ ಪ್ಯಾಡ್.

ಕ್ಯಾಥೆಟರ್ ತೆಗೆದ ದಿನ ಹೇಗಿರುತ್ತದೆ ಅಂತ ನನಗೆ ಮೊದಲೇ ಗೊತ್ತಿದ್ದದ್ದು ಆ ಹಿರಿಯರಿಂದ. "ಎದ್ದು ನಿಂತ ಕೂಡಲೇ ಹರಿಯುತ್ತೆ. ನಲ್ಲಿ ಬಿಟ್ಟ ಹಾಗೆ. ಆಗ ಎಲ್ಲ ಮುಗಿದೇ ಹೋಯ್ತು ಅನ್ನಿಸುತ್ತೆ. ಮುಗಿದಿರಲ್ಲ" ಅಂದಿದ್ದರು. ಹಾಗೇ ಆಯಿತು. ಅವರು ಹೇಳಿರದಿದ್ದರೆ ಏನೋ ಎಡವಟ್ಟಾಗಿದೆ ಅಂತ ನಾನು ನಂಬಿಬಿಡುತ್ತಿದ್ದೆ. ಬೆಳಿಗ್ಗೆ ಪರವಾಗಿಲ್ಲ ಅನ್ನಿಸುತ್ತದೆ, ಸಂಜೆಯ ಹೊತ್ತಿಗೆ ಸ್ನಾಯುಗಳು ದಣಿದು ಸೋರುವುದು ಜಾಸ್ತಿಯಾಗುತ್ತದೆ ಅಂತಲೂ ಹೇಳಿದ್ದರು. ಸೀನಿದಾಗ, ಕೆಮ್ಮಿದಾಗ, ಕುರ್ಚಿಯಿಂದ ಏಳುವಾಗ, ಭಾರ ಎತ್ತುವಾಗ. ಏಳುವ ಮೊದಲೇ ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿದು ಆಮೇಲೆ ಏಳುವುದನ್ನು ನನಗೆ ಫಿಸಿಯೋಥೆರಪಿಸ್ಟ್ ಕಲಿಸಿದರು. ಮರೆಯದ ಹಾಗೆ ಮಾಡಿದವರು ಮಾತ್ರ ಜೊತೆಗಾರರು. ಆ ವ್ಯಾಯಾಮಕ್ಕೆ ಹೆಸರು ಬಂದದ್ದು ಆರ್ನಾಲ್ಡ್ ಕೀಗಲ್ ಅನ್ನುವ ವೈದ್ಯರಿಂದ. 1948ರಲ್ಲಿ ಅವರು ಅದನ್ನು ಬರೆದದ್ದು ಹೆರಿಗೆಯಾದ ಹೆಂಗಸರಿಗಾಗಿ. ಹೆಂಗಸರು ತಲೆಮಾರುಗಳಿಂದ ಮೌನವಾಗಿ ಅನುಭವಿಸಿದ ತೊಂದರೆ ನಮಗೆ ಬಂದಾಗ ಮಾತ್ರ ನಾವು ಅದರ ಬಗ್ಗೆ ಯೋಚಿಸಿದೆವು ಅಂತ ಗುಂಪಿನಲ್ಲಿ ಒಬ್ಬರು ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಸಣ್ಣ ವಿಷಯಗಳು ಇನ್ನೂ ಎಷ್ಟೋ. ಗಾಢ ಬಣ್ಣದ ಪ್ಯಾಂಟ್ ಹಾಕಿಕೊಳ್ಳಿ. ಬ್ಯಾಗಿನಲ್ಲಿ ಎರಡು ಪ್ಯಾಡ್, ಒಂದು ಚಡ್ಡಿ, ಒಂದು ಮುಚ್ಚುವ ಚೀಲ ಇರಲಿ. ಸೋರುತ್ತದೆ ಅಂತ ನೀರು ಕುಡಿಯುವುದು ಕಡಿಮೆ ಮಾಡಬೇಡಿ, ಮೂತ್ರ ಗಟ್ಟಿಯಾದರೆ ಮೂತ್ರಕೋಶ ಕೆರಳುವುದು ಇನ್ನೂ ಜಾಸ್ತಿ. ಕಾಫಿ, ಟೀ ಕಡಿಮೆ ಮಾಡಿ ನೋಡಿ. ಗಂಡಸರ ಶೌಚಾಲಯದಲ್ಲಿ ಪ್ಯಾಡ್ ಹಾಕುವ ಡಬ್ಬಿ ಇರುವುದಿಲ್ಲ, ಒದ್ದೆ ಪ್ಯಾಡ್ ಜೇಬಿನಲ್ಲಿಟ್ಟುಕೊಂಡು ಓಡಾಡಬೇಕಾಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಯುಕೆ ಸಂಸ್ಥೆ ಬ್ರಿಟನ್ನಿನಲ್ಲಿ ಆ ಡಬ್ಬಿಗಳಿಗಾಗಿಯೇ ಒಂದು ಅಭಿಯಾನ ನಡೆಸಿತು. ಕೇಳಿದಾಗ ನನಗೆ ಗಂಟಲು ಕಟ್ಟಿತು. ಎಲ್ಲೋ ದೂರದಲ್ಲಿ ಯಾರೋ ಇದನ್ನು ಗಟ್ಟಿಯಾಗಿ ಹೇಳಿದ್ದಾರೆ ಅನ್ನುವುದೇ ನನಗೆ ಸಾಕಾಗಿತ್ತು.

ಇನ್ನೊಂದು ವಿಷಯ ಇದಕ್ಕಿಂತ ಕಷ್ಟದ್ದು. ಪ್ಯಾಟ್ರಿಕ್ ವಾಲ್ಶ್ ಅನ್ನುವ ಸರ್ಜನ್ 1982ರಲ್ಲಿ ನಿಮಿರುವಿಕೆಯ ನರಗಳನ್ನು ಉಳಿಸಿಕೊಂಡು ಗ್ರಂಥಿ ತೆಗೆಯುವ ವಿಧಾನವನ್ನು ಮೊದಲ ಸಲ ಮಾಡಿ ತೋರಿಸಿದರು. ಅದಕ್ಕೆ ಮೊದಲು ಆಪರೇಷನ್ ಆದ ಬಹುಪಾಲು ಎಲ್ಲರೂ ಆ ಶಕ್ತಿ ಕಳೆದುಕೊಳ್ಳುತ್ತಿದ್ದರು. ಈಗಲೂ ನರ ಉಳಿಸಿದರು ಅಂದ ಮಾತ್ರಕ್ಕೆ ಮಾರನೇ ತಿಂಗಳೇ ಎಲ್ಲ ಸರಿಹೋಗುವುದಿಲ್ಲ. ನರಗಳು ಚೇತರಿಸಿಕೊಳ್ಳುವುದಕ್ಕೆ ಒಂದೂವರೆ, ಎರಡು ವರ್ಷವೂ ಹಿಡಿಯಬಹುದು. ಪೂರ್ತಿ ಬರದೆಯೂ ಇರಬಹುದು. ವೀರ್ಯ ಬರುವುದಂತೂ ನಿಂತುಹೋಗುತ್ತದೆ, ಯಾಕೆಂದರೆ ಅದನ್ನು ತಯಾರಿಸುವ ಗ್ರಂಥಿಗಳನ್ನೇ ತೆಗೆದಿರುತ್ತಾರೆ. ಸುಖದ ಅನುಭವ ಮಾತ್ರ ಉಳಿಯಬಹುದು. ಇದೊಂದು ವಾಕ್ಯ ನನಗೆ ಯಾವ ಕರಪತ್ರದಿಂದಲೂ ಮನಸ್ಸಿಗೆ ಇಳಿದಿರಲಿಲ್ಲ. ಎದುರಿಗೆ ಕೂತ ಒಬ್ಬ ಮನುಷ್ಯ, ಮೊಮ್ಮಕ್ಕಳಿರುವ ಮನುಷ್ಯ, ತಗ್ಗಿದ ದನಿಯಲ್ಲಿ, ಆದರೆ ನನ್ನ ಕಣ್ಣು ನೋಡುತ್ತಲೇ ಹೇಳಿದಾಗ ಇಳಿಯಿತು.

ಅವರು ಇನ್ನೂ ಒಂದು ಮಾತು ಹೇಳಿದರು. "ಮಾತ್ರೆ, ಪಂಪು, ಇಂಜೆಕ್ಷನ್ ಎಲ್ಲ ಇದೆ. ಡಾಕ್ಟರನ್ನು ಕೇಳಿ, ಬೇಗ ಕೇಳಿ. ಆದರೆ ಅದಕ್ಕೂ ಮೊದಲು ಮನೆಯವರ ಹತ್ತಿರ ಮಾತಾಡಿ. ನಾನು ಎಷ್ಟೋ ತಿಂಗಳು ಅವಳನ್ನು ಮುಟ್ಟಲೇ ಇಲ್ಲ. ಮುಟ್ಟಿದರೆ ಮುಂದೆ ಏನಾದರೂ ಆಗಬೇಕು ಅಂತ ಅವಳು ಅಂದುಕೊಳ್ತಾಳೆ ಅನ್ನೋ ಹೆದರಿಕೆ. ಅವಳೋ, ನನಗೆ ತಾನೇ ಬೇಡವಾಗಿದ್ದೇನೆ ಅಂದುಕೊಂಡಿದ್ದಳಂತೆ." ಆವತ್ತು ರಾತ್ರಿ ನಾನು ನನ್ನ ಹೆಂಡತಿಯ ಹತ್ತಿರ ಮಾತಾಡಿದೆ. ಅವಳು, "ಇಷ್ಟು ದಿನ ನೀವು ಯಾಕೆ ಆ ಕಡೆ ತಿರುಗಿ ಮಲಗ್ತಿದ್ರಿ ಅಂತ ಈಗ ಗೊತ್ತಾಯ್ತು ಬಿಡಿ" ಅಂದಳು. ಅವಳಿಗೂ ಒಬ್ಬ ಜೊತೆಗಾತಿ ಬೇಕಿತ್ತು. ಆ ಹಿರಿಯರ ಹೆಂಡತಿಯೇ ಅವಳಿಗೆ ಫೋನ್ ಮಾಡತೊಡಗಿದರು. ಅವರಿಬ್ಬರೂ ಏನು ಮಾತಾಡಿಕೊಂಡರು ಅಂತ ನಾನು ಕೇಳಿಲ್ಲ.

ಹೆಂಡತಿ ಇಲ್ಲದವರೂ ಇದ್ದಾರೆ. ಒಂಟಿಯಾಗಿ ಇರುವವರು, ಸಂಗಾತಿ ತೀರಿಕೊಂಡವರು, ಗಂಡಸನ್ನೇ ಸಂಗಾತಿಯಾಗಿ ಆರಿಸಿಕೊಂಡವರು. ಗುಂಪಿನಲ್ಲಿ ಎಲ್ಲರೂ "ಮನೆಯವರು" ಅಂತ ಶುರು ಮಾಡಿದರೆ ಇವರು ಸುಮ್ನೆ ಕೂತುಬಿಡುತ್ತಾರೆ. ಅವರ ಪ್ರಶ್ನೆಗಳು ಬೇರೆ, ಅವರಿಗೆ ಸರಿಯಾದ ಜೊತೆಗಾರರೂ ಬೇರೆ. ಹೊಸಬರ ಜೊತೆ ಮಾತಾಡುವಾಗ ಮೊದಲು "ನಿಮ್ಮ ಜೊತೆ ಯಾರು ಇರ್ತಾರೆ?" ಅಂತಷ್ಟೇ ಕೇಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಈ ಬಗೆಯ ಜೊತೆಗಾರಿಕೆಯನ್ನು ಹೆಂಗಸರು ನಮಗಿಂತ ಎಷ್ಟು ಮೊದಲೇ ಕಟ್ಟಿಕೊಂಡಿದ್ದರು ಅಂತ ನೋಡಿದರೆ ಆಶ್ಚರ್ಯ. ಅಮೆರಿಕದಲ್ಲಿ ಟೆರೀಸ್ ಲಾಸರ್ ಅನ್ನುವವರಿಗೆ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿತ್ತು. ಮುಂದೆ ಹೇಗೆ ಬದುಕಬೇಕು ಅಂತ ಯಾರೂ ಹೇಳಲಿಲ್ಲ ಅನ್ನುವ ಸಂಕಟದಿಂದ ಅವರು 1952ರ ಹೊತ್ತಿಗೆ ತಾವೇ ಆಸ್ಪತ್ರೆಗಳಿಗೆ ಹೋಗಿ, ಅದೇ ಆಪರೇಷನ್ ಆದ ಹೆಂಗಸರ ಹಾಸಿಗೆಯ ಪಕ್ಕ ಕೂತು ಮಾತಾಡತೊಡಗಿದರು. ರೀಚ್ ಟು ರಿಕವರಿ ಶುರುವಾದದ್ದು ಹೀಗೆ. ಎಷ್ಟೋ ಡಾಕ್ಟರುಗಳಿಗೆ ಅದು ಇಷ್ಟವಾಗಿರಲಿಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನ ಗಂಡಸರಿಗಾಗಿ ಅದೇ ಅಮೆರಿಕದಲ್ಲಿ ಮ್ಯಾನ್ ಟು ಮ್ಯಾನ್, ಅಸ್ ಟೂ ಅನ್ನುವ ಗುಂಪುಗಳು ಹುಟ್ಟಿದ್ದು 1990ರಲ್ಲಿ. ನಡುವೆ ಸುಮಾರು ನಲವತ್ತು ವರ್ಷ. ಆ ನಲವತ್ತು ವರ್ಷಗಳಲ್ಲಿ ಎಷ್ಟು ಗಂಡಸರು ಯಾರಿಗೂ ಹೇಳದೆ ಹೋಗಿರಬಹುದು ಅಂತ ಯೋಚಿಸಿದರೆ ಮನಸ್ಸು ಭಾರವಾಗುತ್ತದೆ.

ಮಾತಾಡಿದರೆ ಆಗುವ ಉಪಯೋಗ ಬರೀ ಮನಸ್ಸಿನ ಸಮಾಧಾನ ಅಲ್ಲ. 2003ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಕೆಲವರಿಗೆ ತಿಳಿದವರಿಂದ ಉಪನ್ಯಾಸ, ಇನ್ನು ಕೆಲವರಿಗೆ ಉಪನ್ಯಾಸದ ಜೊತೆಗೆ ಗುಂಪಿನಲ್ಲಿ ಮಾತುಕತೆ ಇಟ್ಟಿದ್ದರು. ಮಾತುಕತೆಯೂ ಸಿಕ್ಕವರಿಗೆ, ಎರಡೂ ಸಿಗದವರಿಗೆ ಹೋಲಿಸಿದರೆ, ಲೈಂಗಿಕ ತೊಂದರೆಗಳಿಂದ ಆಗುವ ಬೇಸರ ಕಡಿಮೆ ಇತ್ತು. ಮಾಹಿತಿ ಮತ್ತು ಮಾತು ಎರಡೂ ಒಟ್ಟಿಗೆ ಬೇಕು ಅಂತ ನನ್ನ ಅನುಭವವೂ ಹೇಳುತ್ತದೆ.

ಹಾಗಂತ ಗುಂಪು ಎಲ್ಲರಿಗೂ ಒಗ್ಗಬೇಕು ಅಂತಿಲ್ಲ. ಕೆಲವರಿಗೆ ಹತ್ತು ಜನರ ಮುಂದೆ ಬಾಯಿ ಬರುವುದಿಲ್ಲ, ಒಬ್ಬರ ಜೊತೆ ನಡೆಯುತ್ತಾ ಮಾತಾಡುವುದು ಸುಲಭ. ಕಾಯಿಲೆ ಮೂಳೆಗೆ ಹರಡಿರುವವರನ್ನು ಆರಂಭದ ಹಂತದವರ ನಡುವೆ ಕೂರಿಸಿದರೆ ಇಬ್ಬರಿಗೂ ಕಷ್ಟ. ಹೊಸಬರು ಅವರನ್ನು ನೋಡಿ ಹೆದರುತ್ತಾರೆ. ಅವರೋ, ಹೊಸಬರಿಗೆ ಹೆದರಿಕೆ ಆಗಬಾರದು ಅಂತ ತಮ್ಮ ನೋವು ಮುಚ್ಚಿಡುತ್ತಾರೆ. ನಮ್ಮ ಗುಂಪಿನಲ್ಲಿ ಒಬ್ಬರು ಹಾರ್ಮೋನ್ ಇಂಜೆಕ್ಷನ್ ಮೇಲೆ ಇದ್ದರು. ಗಂಡಸಿನ ಹಾರ್ಮೋನ್ ತಡೆದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಅಂತ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದ್ದರು, 1966ರಲ್ಲಿ ಅದಕ್ಕೆ ನೊಬೆಲ್ ಬಂತು. ಇಂದಿಗೂ ಅದೇ ಬುನಾದಿ. ಆದರೆ ಆ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುತ್ತದೆ, ಸುಸ್ತು, ತೂಕ ಏರುವುದು, ಮೂಳೆ ಸವೆಯುವುದು, ಆಸೆಯೇ ಇಲ್ಲವಾಗುವುದು. ಕಾರಣವೇ ಇಲ್ಲದೆ ಅಳು ಬರುತ್ತದೆ. ಅವರು ಒಂದು ದಿನ ಮಾತಿನ ನಡುವೆ ಅತ್ತುಬಿಟ್ಟರು, ಕ್ಷಮೆ ಕೇಳಿದರು. ಅದೇ ಇಂಜೆಕ್ಷನ್ ಮುಗಿಸಿದ್ದ ಇನ್ನೊಬ್ಬರು, "ಅದು ಔಷಧದ್ದು ಸರ್, ನಿಮ್ಮದಲ್ಲ. ನಾನು ಟಿವಿ ಜಾಹೀರಾತು ನೋಡಿ ಅಳ್ತಿದ್ದೆ" ಅಂದರು. ಆ ಇಬ್ಬರೂ ಆಮೇಲೆ ಬೇರೆಯಾಗಿ ಭೇಟಿಯಾಗತೊಡಗಿದರು. ಒಂದು ವರ್ಷದ ನಂತರ ಮೊದಲನೆಯವರು ತೀರಿಕೊಂಡರು. ಮುಂದಿನ ಭೇಟಿಯಲ್ಲಿ ನಾವು ಬೇರೆ ಏನೂ ಮಾತಾಡಲಿಲ್ಲ, ಅವರ ಬಗ್ಗೆ ಮಾತ್ರ ಮಾತಾಡಿದೆವು. ಗುಂಪು ಅಂದಮೇಲೆ ಇದೂ ಇರುತ್ತದೆ. ಅದನ್ನು ಮೊದಲೇ ಹೇಳಿ ಹೊಸಬರನ್ನು ಸೇರಿಸಿಕೊಳ್ಳುವುದು ನ್ಯಾಯ ಅಂತ ನನ್ನ ಅನಿಸಿಕೆ.

ಚಿಕಿತ್ಸೆ ಮುಗಿದ ಮೇಲೂ ಪಿಎಸ್‌ಎ ಮುಗಿಯುವುದಿಲ್ಲ. ಕೆಲವು ತಿಂಗಳಿಗೊಮ್ಮೆ ರಕ್ತ ಕೊಡಬೇಕು, ರಿಪೋರ್ಟಿಗೆ ಕಾಯಬೇಕು. ಗ್ರಂಥಿ ತೆಗೆದವರಿಗೆ ಅದು ಹೆಚ್ಚುಕಮ್ಮಿ ಸೊನ್ನೆಗೆ ಇಳಿಯಬೇಕು. 0.2 ದಾಟಿ, ಇನ್ನೊಂದು ಪರೀಕ್ಷೆಯಲ್ಲೂ ಹಾಗೇ ಬಂದರೆ ಕಾಯಿಲೆ ಮರಳಿರಬಹುದು ಅಂತ ನೋಡುತ್ತಾರೆ. ರೇಡಿಯೇಷನ್ ಆದವರಿಗೆ ಲೆಕ್ಕ ಬೇರೆ. ಗ್ರಂಥಿ ಒಳಗೇ ಇರುವುದರಿಂದ ಸೊನ್ನೆಗೆ ಇಳಿಯದೆ ಇರಬಹುದು, ಇಳಿದ ಕನಿಷ್ಠ ಮಟ್ಟಕ್ಕಿಂತ 2 ಹೆಚ್ಚಾದರೆ ಎಚ್ಚರ. ಇದು ಗೊತ್ತಿಲ್ಲದೆ ಒಬ್ಬರು ಇನ್ನೊಬ್ಬರ ಸಂಖ್ಯೆ ಕೇಳಿ ಕಂಗಾಲಾಗುವುದನ್ನು ನೋಡಿದ್ದೇನೆ. ರಕ್ತ ಕೊಟ್ಟ ದಿನದಿಂದ ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ. ಆಗ ನಾನು ಆ ಹಿರಿಯರಿಗೆ "ಕೊಟ್ಟು ಬಂದೆ" ಅಂತ ಎರಡು ಪದ ಕಳಿಸುತ್ತೇನೆ. ಅವರು "ಸರಿ, ಬಂದ ಕೂಡಲೇ ಹೇಳಿ" ಅನ್ನುತ್ತಾರೆ. ಅವರದ್ದೂ ಹಾಗೇ ನನಗೆ ಬರುತ್ತದೆ. ಅಷ್ಟು ಸಾಕಾಗುತ್ತದೆ.

ಜೊತೆಗಾರರಿಂದ ಆಗದ ಕೆಲಸವೂ ಇದೆ. ಸ್ವೀಡನ್ನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ, ಈ ಕ್ಯಾನ್ಸರ್ ಇದೆ ಅಂತ ತಿಳಿದ ಮೊದಲ ದಿನಗಳಲ್ಲಿ ಹೃದಯದ ತೊಂದರೆ ಮತ್ತು ಆತ್ಮಹತ್ಯೆಯ ಅಪಾಯ ಏರುತ್ತದೆ ಅಂತ ತೋರಿಸಿತು. ನಿಧಾನವಾಗಿ ಬೆಳೆಯುವ ಕ್ಯಾನ್ಸರ್ ಅಂತ ಎಲ್ಲರೂ ಹೇಳುತ್ತಿರುವ ಅದೇ ದಿನಗಳು. ಎಷ್ಟು ಸಂಕಟ ಆಗುತ್ತಿದೆ ಅಂತ ಸೊನ್ನೆಯಿಂದ ಹತ್ತರವರೆಗೆ ಗುರುತು ಹಾಕುವ ಒಂದು ಅಳತೆಪಟ್ಟಿ ಈಗ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಅದನ್ನು ಮೊದಲು ಪರೀಕ್ಷಿಸಿದ್ದು ಪ್ರಾಸ್ಟೇಟ್ ಕ್ಯಾನ್ಸರಿನ ಗಂಡಸರ ಮೇಲೆ, 1998ರಲ್ಲಿ ಅದರ ವರದಿ ಬಂತು. ಬಾಯಿಬಿಟ್ಟು ಹೇಳದವರು ಒಂದು ಅಂಕಿಯನ್ನಾದರೂ ಗುರುತು ಹಾಕುತ್ತಾರೆ ಅಂತ ಅಲ್ವಾ? ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇನ್ನೂ ವಿಚಾರಿಸಬೇಕು ಅನ್ನುವುದು ರೂಢಿ. ನಿದ್ದೆ ಹಲವು ವಾರ ಇಲ್ಲದಿದ್ದರೆ, ಬದುಕುವುದೇ ಬೇಡ ಅನ್ನಿಸಿದರೆ, ಅದನ್ನು ಆ ದಿನವೇ ಡಾಕ್ಟರಿಗೆ ಹೇಳಬೇಕು. ನನ್ನಂಥ ಜೊತೆಗಾರನಿಗೆ ಹೇಳಿದರೆ ನಾನೂ ಮಾಡುವುದು ಅದನ್ನೇ, ನಿಮ್ಮ ಕೈಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು.

ಈಗ ಆ ನರ್ಸ್ ನನ್ನ ನಂಬರನ್ನೂ ಇಟ್ಟುಕೊಂಡಿದ್ದಾರೆ. ಹೊಸಬರಿಂದ ಫೋನ್ ಬಂದಾಗ ಹೆಚ್ಚಿನವರು ಮೊದಲು ಬೇರೆ ಏನೇನೋ ಮಾತಾಡುತ್ತಾರೆ. ನಾನು ಕಾಯುತ್ತೇನೆ. ಇಡುವ ಹೊತ್ತಿಗೆ, "ಇನ್ನೊಂದು ವಿಷಯ..." ಅನ್ನುತ್ತಾರೆ. ಅವರು ಫೋನ್ ಮಾಡಿದ್ದೇ ಆ ಇನ್ನೊಂದು ವಿಷಯಕ್ಕೆ. ಮಕ್ಕಳಿಗೆ ಹೇಳಬೇಕಾ ಅಂತ ಬಹಳ ಜನ ಕೇಳುತ್ತಾರೆ. ನಾನು ಹೇಳಿದೆ ಅನ್ನುತ್ತೇನೆ. ತಂದೆಗೋ ಅಣ್ಣತಮ್ಮಂದಿರಿಗೋ ಇದು ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ, ನನ್ನ ಮಗ ಯಾವ ವಯಸ್ಸಿಗೆ ಪರೀಕ್ಷೆ ಶುರು ಮಾಡಬೇಕು ಅಂತ ಡಾಕ್ಟರನ್ನು ಕೇಳುವುದಕ್ಕಾದರೂ ಅವನಿಗೆ ಗೊತ್ತಿರಬೇಕಿತ್ತು.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಈಗಷ್ಟೇ ರಿಪೋರ್ಟ್ ಕೈಯಲ್ಲಿ ಹಿಡಿದಿದ್ದರೆ, ಕೇಳುವುದು ಹೇಗೆ ಅಂತ ಗೊತ್ತಾಗದಿದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಿಗಿಂತ ಮೊದಲು ನರ್ಸನ್ನೋ ಸಮಾಲೋಚಕರನ್ನೋ ಹುಡುಕಿ. "ನನ್ನ ವಯಸ್ಸಿನವರು, ನನಗೆ ಹೇಳಿರುವ ಚಿಕಿತ್ಸೆಯೇ ಆದವರು, ಮಾತಾಡುವುದಕ್ಕೆ ಒಪ್ಪಿರುವವರು ಯಾರಾದರೂ ಇದ್ದಾರಾ?" ಅಂತ ಕೇಳಿ. ಇನ್ನೊಬ್ಬ ರೋಗಿಯ ನಂಬರನ್ನು ಅವರು ಕೊಡುವ ಹಾಗಿಲ್ಲ. ನಿಮ್ಮ ನಂಬರನ್ನು ಬರೆದುಕೊಟ್ಟು ಬನ್ನಿ, ಯಾವ ಹೊತ್ತಿನಲ್ಲಿ ಒಬ್ಬರೇ ಇರುತ್ತೀರಿ ಅನ್ನುವುದನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಆ ಹೊತ್ತಿಗೇ ಫೋನ್ ಮಾಡುತ್ತಾರೆ.